ಹಾಡಿನ ಜೊತೆ ಎಲಿಜಬೆತ್ ಕಾಟನ್ ಹೆಸರನ್ನೂ ಹೇಳಿಕೊಡಿ

ಬೆರಳಲ್ಲಿ ಗಿಟಾರ್ ಮೀಟುವುದನ್ನು ಕಲಿಯುವವರಿಗೆ ಶುರುವಿನಲ್ಲೇ ಸಿಗುವ ಹಾಡು 'ಫ್ರೈಟ್ ಟ್ರೇನ್'. ಯೂಟ್ಯೂಬಿನಲ್ಲಿ ಇದರ ಪಾಠಗಳಿಗೆ ಲೆಕ್ಕವಿಲ್ಲ. ಆದರೆ ಎಷ್ಟೋ ಜನ 'ಹಳೇ ಜನಪದ ಹಾಡು' ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ನನಗೆ ಇದು ತುಂಬಾ ಬೇಸರದ ವಿಷಯ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರೈಲು ಹಳಿ ಹತ್ತಿರದ ಮನೆಯಲ್ಲಿ ಬೆಳೆದ ಎಲಿಜಬೆತ್ ಕಾಟನ್ ಎಂಬ ಕಪ್ಪು ಹುಡುಗಿ ಎಳೇ ವಯಸ್ಸಿನಲ್ಲೇ ಕಟ್ಟಿದ ಹಾಡದು.

ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡಲ್ಲಿ 3 ಡಾಲರ್ 75 ಸೆಂಟ್ ಕೊಟ್ಟು ಆಕೆ ಗಿಟಾರ್ ಕೊಂಡಿದ್ದರು. ಎಡಗೈ ರೂಢಿ. ತಂತಿ ಬದಲಿಸುವ ಗೋಜಿಗೆ ಹೋಗದೆ ಗಿಟಾರನ್ನೇ ತಿರುಗಿಸಿ ಹಿಡಿದರು. ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ! ಎಲ್ಲರೂ ಹೆಬ್ಬೆರಳಲ್ಲಿ ಮಂದ್ರ ಮೀಟಿದರೆ ಇವರ ಹೆಬ್ಬೆರಳು ರಾಗ ನುಡಿಸುತ್ತದೆ, ಮಂದ್ರ ಉಳಿದ ಬೆರಳುಗಳ ಪಾಲು. ಹಳೇ ವಿಡಿಯೋ ಹಾಕಿಕೊಂಡು ಆ ಕೈಯನ್ನೇ ನೋಡಿ. ಒಂಚೂರೂ ಅವಸರವಿಲ್ಲ.

ಆಮೇಲೆ ಮದುವೆ, ಮಗು, ಚರ್ಚು. ದಶಕಗಟ್ಟಲೆ ಗಿಟಾರ್ ಬಿಟ್ಟೇಬಿಟ್ಟರು. ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ತಪ್ಪಿಸಿಕೊಂಡಿದ್ದ ಪುಟ್ಟ ಹುಡುಗಿಯನ್ನು ತಾಯಿಗೆ ಒಪ್ಪಿಸಿದರು. ಆ ಹುಡುಗಿ ಪೆಗಿ ಸೀಗರ್. ಮನೆಯವರೆಲ್ಲ ಸಂಗೀತಗಾರರು. ಅದೇ ಮನೆಗೆ ಕೆಲಸಕ್ಕೆ ಸೇರಿದ ಕಾಟನ್, ಅಲ್ಲಿದ್ದ ಗಿಟಾರ್ ಎತ್ತಿಕೊಂಡು ಮತ್ತೆ ನುಡಿಸತೊಡಗಿದರು. ಪೆಗಿಯ ಅಣ್ಣ ಮೈಕ್ ರೆಕಾರ್ಡ್ ಮಾಡಿದ ಆಲ್ಬಮ್ಮು 1958ರಲ್ಲಿ ಫೋಕ್‌ವೇಸ್ ಎಂಬ ರೆಕಾರ್ಡ್ ಕಂಪನಿಯಿಂದ ಬಂತು. ಆಗ ಆಕೆಗೆ ಅರವತ್ತು ದಾಟಿತ್ತು.

ಈ ಕಥೆಯನ್ನು ಎಲ್ಲರೂ ಇಷ್ಟಪಟ್ಟು ಹೇಳುತ್ತಾರೆ. ಚೆಂದದ ಕಥೆಯೇ. ಆದರೆ ಆಲ್ಬಮ್ ಬರುವ ಮುಂಚೆಯೇ ಆದದ್ದನ್ನು ಯಾಕೆ ಬಿಡಬೇಕು? ಪೆಗಿ ಇಂಗ್ಲೆಂಡಿನಲ್ಲಿ ಈ ಹಾಡು ಹಾಡಿದರು. ಚಾಸ್ ಮೆಕ್‌ಡೆವಿಟ್ ತಂಡ ಅದನ್ನು ರೆಕಾರ್ಡ್ ಮಾಡಿ 1957ರಲ್ಲಿ ದೊಡ್ಡ ಹಿಟ್ ಮಾಡಿತು. ಬರೆದವರ ಜಾಗದಲ್ಲಿ ಬೇರೆಯವರ ಹೆಸರು! ಸೀಗರ್ ಮನೆಯವರು ಬೆನ್ನಿಗೆ ನಿಂತ ಮೇಲಷ್ಟೇ ಹಕ್ಕು ಆಕೆಗೆ ಮರಳಿತು. ಬೆನ್ನಿಗೆ ಯಾರೂ ಇಲ್ಲದವರ ಹಾಡುಗಳ ಗತಿ ಏನಾಗಿರಬೇಕು, ಅಲ್ವಾ?

ಗೌರವಗಳೆಲ್ಲ ತೀರಾ ತಡವಾಗಿ ಬಂದವು. ಗ್ರ್ಯಾಮಿ 1985ರಲ್ಲಿ, ಅದಾದ ಎರಡು ವರ್ಷಕ್ಕೆ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2022ರಲ್ಲಿ.

ಗಿಟಾರ್ ಕಲಿಸುವವರು ದಯವಿಟ್ಟು ಮೊದಲು ಆಕೆಯ ರೆಕಾರ್ಡಿಂಗನ್ನೇ ಮಕ್ಕಳಿಗೆ ಕೇಳಿಸಿ. ಆಮೇಲೆ ಆಕೆಯದೇ ಇನ್ನೊಂದು ಹಾಡು 'ಶೇಕ್ ಶುಗರಿ' ಹಾಕಿ. ಅದರ ಸಾಲುಗಳನ್ನು ಕಟ್ಟಿದ್ದು ಮನೆಯ ಮಕ್ಕಳು, ಹಾಡಿದ್ದು 12 ವರ್ಷದ ಮರಿಮೊಮ್ಮಗಳು. ಅದನ್ನು ಕಾಟನ್ ವೇದಿಕೆ ಮೇಲೆ ಖುಷಿಯಿಂದ ಹೇಳುತ್ತಿದ್ದರು.