ಬೆಟ್ಟಕ್ಕೆ ಮಾತ್ರ ಬೇಡ ಸಾರ್

ಮೈಸೂರಿನಲ್ಲಿ ಸರಿಯಾಗಿ ಟೆಸ್ಟ್ ಡ್ರೈವ್ ಆಗುವುದು ಆನೆಗೆ ಮಾತ್ರ.

ದಸರೆಗೆ ವಾರಗಟ್ಟಲೆ ಮೊದಲೇ ಕಾಡಿನಿಂದ ಕರೆತರುತ್ತಾರೆ. ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರೆ. ಮೊದಲು ಬರಿ ಬೆನ್ನಲ್ಲಿ ಅರಮನೆಯಿಂದ ಬನ್ನಿಮಂಟಪಕ್ಕೆ ನಡೆಸುತ್ತಾರೆ. ಆಮೇಲೆ ಬೆನ್ನಿಗೆ ಮರಳಿನ ಮೂಟೆ. ದಿನ ಕಳೆದ ಹಾಗೆ ಮೂಟೆ ಜಾಸ್ತಿ. ಕೊನೆಗೆ ಮರದ ಅಂಬಾರಿ. ನಡುವೆ ಪಕ್ಕದಲ್ಲೇ ಫಿರಂಗಿ ಢಂ ಅನ್ನಿಸಿ, ಬೆಚ್ಚುತ್ತದಾ ಇಲ್ಲವಾ ನೋಡುತ್ತಾರೆ. ಚಿನ್ನದ ಅಂಬಾರಿ 750 ಕೆಜಿ, ದಾರಿ ಸುಮಾರು 5 ಕಿಲೋಮೀಟರ್. ಆ ಭಾರಕ್ಕೆ, ಆ ದಾರಿಗೆ, ಆ ಸದ್ದಿಗೆ ಆನೆ ಒಗ್ಗಿಕೊಳ್ಳುವವರೆಗೆ ತಾಲೀಮು. "ಆನೆಯನ್ನ ಹಿಂದಿನ ಗಲ್ಲಿಯಲ್ಲಿ ಎರಡು ರೌಂಡ್ ಹೊಡೆಸಿ ನೋಡ್ಕೊಳ್ಳಿ, ಸಯ್ಯಾಜಿರಾವ್ ರಸ್ತೆಗೆ ಮಾತ್ರ ಬೇಡ" ಎಂದು ಯಾರೂ ಹೇಳುವುದಿಲ್ಲ.

ಕಾರಿಗೆ ಹೇಳುತ್ತಾರೆ.

2025ರ ನವರಾತ್ರಿ. ಹಬ್ಬ ಶುರುವಾದ ಸೆಪ್ಟೆಂಬರ್ 22ರಂದೇ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಊರಿಗೆ ಊರೇ ಶೋರೂಮಿನಲ್ಲಿತ್ತು. ನಾನೂ ಹೋದೆ. ಎಡ ಮಂಡಿ ನೋವು, ಕ್ಲಚ್ ತುಳಿದು ತುಳಿದು ಸಾಕಾಗಿತ್ತು. ಜೊತೆಗೆ ಹೆಂಡತಿ, ಮಂಡ್ಯದಿಂದ ಬಂದಿದ್ದ ಬಾಮೈದ. ಕಾರಿನ ಹೆಸರು ಹೇಳುವುದಿಲ್ಲ. ಕ್ಲಚ್ ತುಳಿಯಬೇಕಿಲ್ಲದ, ಎಎಂಟಿ ಎನ್ನುವ ಆಟೋಮ್ಯಾಟಿಕ್ ಗೇರಿನ ಸಣ್ಣ ಕಾರು, ಅಷ್ಟು ಸಾಕು.

ಈ ಎಎಂಟಿ ನಮ್ಮಲ್ಲಿ ಮನೆಮಾತಾಗಿದ್ದು 2014ರಲ್ಲಿ, ಸೆಲೆರಿಯೋ ಕಾರು ಬಂದಾಗ. ಈಗ ಸುಮಾರು ಕಂಪನಿಗಳಲ್ಲಿದೆ. ಹೆಸರು ಮಾತ್ರ ಬೇರೆ ಬೇರೆ. ಒಬ್ಬರು ಎಜಿಎಸ್ ಅನ್ನುತ್ತಾರೆ, ಒಬ್ಬರು ಈಜಿ ಆರ್, ಇನ್ನೊಬ್ಬರು ಈಜಿ ಶಿಫ್ಟ್. ಒಂದೇ ಮಗುವನ್ನು ಅಜ್ಜಿ ಪುಟ್ಟ ಅಂತಲೂ ಅತ್ತೆ ಬಂಗಾರಿ ಅಂತಲೂ ಕರೆದ ಹಾಗೆ. ಒಳಗಿರುವುದು ಅದೇ ಹಳೇ ಗೇರ್‌ಬಾಕ್ಸು, ಅದೇ ಕ್ಲಚ್ಚು. ತುಳಿಯಲು ನಮ್ಮ ಕಾಲಿನ ಬದಲು, ಗೇರ್ ಹಾಕಲು ನಮ್ಮ ಕೈ ಬದಲು ಒಂದು ಯಂತ್ರ. ಯಾವಾಗ ಹಾಕಬೇಕು ಎಂದು ಹೇಳಲು ಒಂದು ಪುಟ್ಟ ಕಂಪ್ಯೂಟರು. ಸೇಲ್ಸ್ ಹುಡುಗ ಇದನ್ನೇ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಹೇಳಿದ. ಬಾಮೈದ ಒಂದೇ ಮಾತಿನಲ್ಲಿ ಮುಗಿಸಿದ. "ಅಂದ್ರೆ ಒಳಗೊಬ್ಬ ಕ್ಲೀನರ್ ಕೂತವ್ನೆ ಅನ್ನಿ. ನಾವ್ ಹೇಳಂಗೇ ಇಲ್ಲ, ಅವ್ನೇ ಗೇರ್ ಹಾಕ್ತಾನೆ."

"ಹಂಗೇ ಸಾರ್" ಎಂದ ಹುಡುಗ.

"ಸಂಬಳ?"

"ಒಂದೇ ಸಲ ಸಾರ್. ಅರ್ಧ ಲಕ್ಷದ ಆಸುಪಾಸು."

ಟೆಸ್ಟ್ ಡ್ರೈವ್ ಎಂದರೆ ಏನೇನು ನೋಡಬೇಕು ಎಂದು ಹಿಂದಿನ ರಾತ್ರಿ ಚೀಟಿ ಬರೆದಿಟ್ಟುಕೊಂಡಿದ್ದೆ. ಒಂದು, ದೀಪಾಲಂಕಾರದ ಜನಜಂಗುಳಿಯಲ್ಲಿ ತೆವಳಿ ನೋಡಬೇಕು. ಎರಡು, ನಮ್ಮ ಬೀದಿಯ ಹಂಪು. ಹಂಪು ಹೇಗಿರಬೇಕು ಎಂದು ರಸ್ತೆಗಳಿಗೆ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಅಳತೆ ಕೊಟ್ಟಿದ್ದಾರೆ, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬೀದಿಯ ಹಂಪು ಹಾಕಿದವನು ಆ ಅಂಕಿಗಳನ್ನು ಯಾರ ಹತ್ತಿರವೋ ತಲೆಕೆಳಗಾಗಿ ಕೇಳಿಸಿಕೊಂಡಿರಬೇಕು. ಮೂರು, ಚಾಮುಂಡಿ ಬೆಟ್ಟ. ಈ ಕಾರುಗಳು ನಿಜಕ್ಕೂ ತಡವರಿಸುವುದು ಏರಿನಲ್ಲಿ ನಿಂತು ಮತ್ತೆ ಹೊರಡುವಾಗ. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲಿಡುವಷ್ಟರಲ್ಲಿ ಕ್ಲಚ್ ಪೂರ್ತಿ ಹಿಡಿದಿರುವುದಿಲ್ಲ, ಕಾರು ಹಿಂದಕ್ಕೆ ಜಾರಬಹುದು. ಮೈಸೂರಿನವನಿಗೆ ಏರು ಹುಡುಕಿಕೊಂಡು ಹೋಗುವ ಕಷ್ಟವೇ ಇಲ್ಲ. ಕಿಟಕಿ ತೆಗೆದರೆ ಕಾಣುತ್ತದೆ.

ಹುಡುಗ ಚೀಟಿ ಓದಿದ. "ಟ್ರಾಫಿಕ್ಕಿಗೆ ಬೇಡ ಸಾರ್, ಯಾರಾದ್ರೂ ಗೀಚಿಬಿಟ್ರೆ ನನ್ನ ಸಂಬಳದಲ್ಲಿ ಹಿಡೀತಾರೆ. ಹಂಪು ಬೇಡ, ಕೆಳಗೆ ತಾಗುತ್ತೆ. ಬೆಟ್ಟಕ್ಕೆ ಮಾತ್ರ ಬೇಡವೇ ಬೇಡ ಸಾರ್."

"ಯಾಕೆ, ಹತ್ತಲ್ವಾ?"

"ಹತ್ತುತ್ತೆ ಸಾರ್. ಆದ್ರೆ ಟೆಸ್ಟ್ ಡ್ರೈವಿಗೆ ಬೆಟ್ಟ ಇಲ್ಲ."

ನನ್ನ ಹೆಂಡತಿ ಅಷ್ಟು ಹೊತ್ತು ಸುಮ್ಮನಿದ್ದಳು. "ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಸಾವಿರ ಮೆಟ್ಟಿಲು ಹತ್ತೋ ಹೆಂಗಸರಿಗೆ ಆಗೋದು ಇದಕ್ಕೆ ಆಗಲ್ವಾ?" ಎಂದಳು. ಹುಡುಗ ನಕ್ಕು ಕೀ ಕೊಟ್ಟ.

ಕರೆದುಕೊಂಡು ಹೋಗಿದ್ದು ರಿಂಗ್ ರೋಡಿನಾಚೆಯ ಹೊಸ ಬಡಾವಣೆಗೆ. ಮನೆಗಳಿಲ್ಲ, ರಸ್ತೆ ಇದೆ. ಹಂಪಿಲ್ಲ, ಗುಂಡಿಯಿಲ್ಲ, ಎದುರಿಗೆ ಬರುವವರಿಲ್ಲ. ಒಂದು ಹಸು ಇತ್ತು, ಅದೂ ಸೈಟಿನ ಒಳಗೆ ಮೇಯುತ್ತಿತ್ತು. ಇಂಥ ರಸ್ತೆಯಲ್ಲಿ ನಮ್ಮ ತಾತನ ಎತ್ತಿನಗಾಡಿಯನ್ನೂ ಆಟೋಮ್ಯಾಟಿಕ್ ಎಂದು ಮಾರಬಹುದು.

ಮೊದಲು ನಾನು ಹಿಡಿದೆ. ಬ್ರೇಕ್ ಬಿಟ್ಟ ಕೂಡಲೇ ಕಾರು ತನ್ನಷ್ಟಕ್ಕೆ ಮೆಲ್ಲಗೆ ಹೊರಟಿತು. ಹಿತವಾಗಿತ್ತು, ಸುಳ್ಳು ಹೇಳಬಾರದು. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಒಂದು ಗಳಿಗೆ ಎಳೆತ ನಿಂತಿತು. ನಾಲ್ಕು ಜನರ ತಲೆಯೂ ಒಟ್ಟಿಗೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಂತು, ಹರಿಕಥೆಯಲ್ಲಿ ಹೂಂಗುಟ್ಟಿದ ಹಾಗೆ. "ಕ್ಲೀನರ್ ತೂಕಡಿಸ್ತಾವ್ನೆ ಬಾವ" ಎಂದ ಬಾಮೈದ. ಎರಡರಿಂದ ಮೂರಕ್ಕೆ ಮತ್ತೊಂದು ಹೂಂ. ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಸಡಿಲ ಮಾಡಿದರೆ ತಲೆ ಆಡುವುದು ಕಡಿಮೆ ಎಂದು ಹುಡುಗ ಹೇಳಿಕೊಟ್ಟ. ನಿಜ, ಕಡಿಮೆಯಾಯಿತು. ಅಂದರೆ ಗೇರ್ ಹಾಕುವವನು ಅವನೇ, ಯಾವಾಗ ಹಾಕುತ್ತಾನೆ ಎಂದು ಕಾದು ಕೂರುವ ಕೆಲಸ ನಮ್ಮದು.

ಆಮೇಲೆ ಬಾಮೈದ ಕೂತ. ಹದಿನೈದು ವರ್ಷದ ಅಭ್ಯಾಸ ನೋಡಿ. ತಿರುವು ಬಂತು, ಎಡಗಾಲು ಕ್ಲಚ್ ಹುಡುಕಿತು. ಕ್ಲಚ್ ಇಲ್ಲ. ಸಿಕ್ಕಿದ್ದು ಬ್ರೇಕು. ಕ್ಲಚ್ ತುಳಿಯುವ ಗತ್ತಿನಲ್ಲೇ ಪೂರ್ತಿ ತುಳಿದ. ಹುಡುಗನ ಮೂಗು ಡ್ಯಾಶ್‌ಬೋರ್ಡಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಹೆಂಡತಿಯ ಕೈಲಿದ್ದ ನೀರಿನ ಬಾಟಲಿ ನನ್ನ ತೊಡೆಗೆ ಬಂತು. ಸೈಟಿನ ಹಸು ತಲೆ ಎತ್ತಿ ನೋಡಿತು. "ಬ್ರೇಕ್ ಚೆನ್ನಾಗೈತೆ" ಎಂದ ಬಾಮೈದ.

ಒಟ್ಟು ಎರಡು ಕಿಲೋಮೀಟರ್. "ಟೆಸ್ಟ್ ಡ್ರೈವ್ ಆಯ್ತು ಸಾರ್, ಇಲ್ಲೊಂದು ಸೈನ್ ಮಾಡಿ."

ಆ ಹುಡುಗನನ್ನು ಬೈದು ಉಪಯೋಗವಿಲ್ಲ. ನಮ್ಮಲ್ಲಿ ಟೆಸ್ಟ್ ಎಂಬ ಮಾತಿಗೆ ಅರ್ಥವೇ ಹಾಗೆ. ಇದೇ ಬಾಮೈದನ ಲೈಸೆನ್ಸ್ ಕಥೆ ಕೇಳಿ. ಡ್ರೈವಿಂಗ್ ಸ್ಕೂಲಿನ ಕಾರು, ಪಕ್ಕದ ಸೀಟಿನ ಕೆಳಗೂ ಕ್ಲಚ್ಚು ಬ್ರೇಕು. ಅಲ್ಲಿ ಸ್ಕೂಲಿನ ಮೇಷ್ಟ್ರು. ಹೊರಗೆ ಕೊಡೆ ಹಿಡಿದುಕೊಂಡು ಇನ್ಸ್‌ಪೆಕ್ಟರು. ಇವನು ಸ್ಟೀರಿಂಗ್ ತಿರುಗಿಸಿದ, ಅವರು ಕ್ಲಚ್ ತುಳಿದರು. ಪಾಸು. ಕ್ಲಚ್ ಬೇರೆಯವರು ತುಳಿಯುವ ಕಾರು ನಮಗೆ 2014ರಲ್ಲಿ ಬಂತು ಎನ್ನುವುದು ಕಂಪನಿಯವರ ಭ್ರಮೆ. ಲೈಸೆನ್ಸ್ ಇರುವ ಅರ್ಧ ಮಂಡ್ಯ ಕಲಿತಿದ್ದೇ ಎಎಂಟಿಯಲ್ಲಿ! 2021ರ ಜುಲೈಯಿಂದ ಇನ್ನೂ ಸಲೀಸು. ಮಾನ್ಯತೆ ಇರುವ ತರಬೇತಿ ಕೇಂದ್ರದಲ್ಲಿ ಕಲಿತು ಪಾಸಾದರೆ ಆರ್‌ಟಿಒ ಮುಂದೆ ಟೆಸ್ಟ್ ಕೊಡುವುದೇ ಬೇಡ.

ಮೈಲೇಜ್ ಕೇಳಿದೆನಾ, ಹುಡುಗ ಪಾಯಿಂಟ್ ಸಮೇತ ಹೇಳಿದ. ಈ ಪಾಯಿಂಟ್ ಎಲ್ಲಿಂದ ಬರುತ್ತದೆ ಗೊತ್ತಾ? ಲ್ಯಾಬಿನಲ್ಲಿ ಕಾರು ನಿಂತಲ್ಲೇ ನಿಂತಿರುತ್ತದೆ. ಚಕ್ರ ಮಾತ್ರ ಉರುಳೆಯ ಮೇಲೆ ತಿರುಗುತ್ತದೆ. ಹಂಪಿಲ್ಲ, ಏರಿಲ್ಲ, ಎದುರಿಗೆ ಕಬ್ಬಿನ ಲಾರಿಯಿಲ್ಲ. ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ, ಸ್ಪೀಡು 90 ದಾಟುವುದಿಲ್ಲ. ಒಂದಿಂಚೂ ಮುಂದೆ ಹೋಗದ ಕಾರು ಲೀಟರಿಗೆ ಎಷ್ಟು ಕಿಲೋಮೀಟರ್ ಹೋಯಿತು ಎಂದು ಸರ್ಟಿಫಿಕೇಟ್ ಬರುತ್ತದೆ. ಅದಕ್ಕೆ ಹೋಲಿಸಿದರೆ ನಾವು ಹೋದ ಎರಡು ಕಿಲೋಮೀಟರ್ ದೊಡ್ಡ ಯಾತ್ರೆ.

ಕಾರು ತೆಗೆದುಕೊಂಡೆವು. ಇಷ್ಟೆಲ್ಲಾ ಮಾತಾಡಿ ಯಾಕೆ ತೆಗೆದುಕೊಂಡಿರಿ ಎಂದು ಕೇಳಬೇಡಿ. ಆಯುಧಪೂಜೆ ಹತ್ತಿರ ಬಂದಿತ್ತು, ಸ್ಟಾಕಿನಲ್ಲಿ ಒಂದು ಬಿಳಿ ಕಾರಿತ್ತು, ಮಂಡಿ ನೋಯುತ್ತಿತ್ತು. ಅಕ್ಟೋಬರ್ 1ಕ್ಕೆ ಡೆಲಿವರಿ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟರು. ಮಂಗಳಾರತಿ ಇನ್ನೂ ಮುಗಿದಿರಲಿಲ್ಲ, ಒಳಗೆ ಕೂತಿದ್ದ ಬಾಮೈದ ಆರತಿಗೆ ಕೈಮುಗಿಯಲು ಹೋಗಿ ಬ್ರೇಕ್ ಬಿಟ್ಟ. ಕಾರು ತನ್ನಷ್ಟಕ್ಕೆ ಹೊರಟು, ಚಟ್ ಚಟ್ ಎಂದು ನಿಂಬೆಹಣ್ಣು ಹಿಂಡಿ, ಪುರೋಹಿತರ ತಟ್ಟೆಯವರೆಗೆ ಹೋಗಿ ನಿಂತಿತು. "ತುಂಬಾ ಭಕ್ತಿ ಇದೆ" ಎಂದರು ಪುರೋಹಿತರು.

ದಸರಾ ಗದ್ದಲ ಇಳಿದ ಮೇಲೆ ಒಂದು ಭಾನುವಾರ ಬೆಟ್ಟಕ್ಕೆ ಹೊರಟೆವು. ಊರಿನಿಂದ ಬೆಟ್ಟದ ನೆತ್ತಿಗೆ ಸುಮಾರು 300 ಮೀಟರ್ ಏರು. ಕಾರು ಚೆನ್ನಾಗಿಯೇ ಹತ್ತಿತು. ಕ್ಲೀನರ್ ಎರಡಕ್ಕೂ ಮೂರಕ್ಕೂ ನಡುವೆ ಒದ್ದಾಡಿದಾಗ ಬಾಮೈದ ಲಿವರನ್ನು ಮ್ಯಾನುಯಲ್‌ಗೆ ತಳ್ಳಿ ಎರಡರಲ್ಲೇ ಕೂರಿಸಿದ. ಅರ್ಧ ಲಕ್ಷ ಜಾಸ್ತಿ ಕೊಟ್ಟು ತಂದ ಆಟೋಮ್ಯಾಟಿಕ್ ಗೇರನ್ನು ಕೈಯಲ್ಲಿ ಹಾಕಿಕೊಂಡು ಹೋಗುವ ಸುಖವೇ ಬೇರೆ.

ಒಂದು ತಿರುವಿನಲ್ಲಿ ಜಾಮ್. ನಿಂತೆವು. ಹಿಂದೆ 201 ನಂಬರಿನ ಸಿಟಿ ಬಸ್ಸು, ಕನ್ನಡಿ ತುಂಬಾ ಅದರದೇ ಮುಖ. ಮುಂದಿನ ಕಾರು ಹೊರಟಿತು. ಬಾಮೈದ ಬ್ರೇಕ್ ಬಿಟ್ಟ. ನಮ್ಮ ಕಾರು ಹಿಂದಕ್ಕೆ ಹೊರಟಿತು. ಬಸ್ಸಿನ ಹಾರ್ನ್, ಹೆಂಡತಿಯ "ಅಮ್ಮಾ ತಾಯೀ", ಬಾಮೈದನ ಹ್ಯಾಂಡ್‌ಬ್ರೇಕ್, ಮೂರೂ ಒಟ್ಟಿಗೆ ಆದವು. ಹ್ಯಾಂಡ್‌ಬ್ರೇಕ್ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಎಳೆತ ಬಂದ ಮೇಲೆ ಬ್ರೇಕ್ ಬಿಟ್ಟು ಹೊರಡುವುದು ಎಂದು ಅವನೇ ಕಂಡುಕೊಂಡ. ಸ್ವಲ್ಪ ಮೇಲೆ ಹೋಗಿ ಅಗಲ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದ. ಈ ಕಾರುಗಳಲ್ಲಿ ಪಾರ್ಕಿಂಗ್‌ಗೆ ಬೇರೆ ಗೇರಿಲ್ಲ, ಹಳೇ ಕಾರಿನ ಹಾಗೆ ಗೇರಿನಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಎರಡೂ ಮಾಡಿದ. ಆದರೂ ಅವನಿಗೆ ನಂಬಿಕೆ ಬರಲಿಲ್ಲ, ಕಲ್ಲು ಹುಡುಕಲು ಇಳಿದ.

ಆಗ ಫೋನ್ ಬಂತು. ಅದೇ ಸೇಲ್ಸ್ ಹುಡುಗ.

"ಸಾರ್, ಕಂಪನಿಯಿಂದ ಫೋನ್ ಬರುತ್ತೆ. ಟೆಸ್ಟ್ ಡ್ರೈವ್ ಹೆಂಗಿತ್ತು ಅಂತ ಕೇಳ್ತಾರೆ. ಹತ್ತಕ್ಕೆ ಹತ್ತು ಅಂದ್ಬಿಡಿ ಸಾರ್."

"ಒಂಬತ್ತು ಕೊಡ್ತೀನಪ್ಪ. ಬೆಟ್ಟದ್ದು ಒಂದು ಕಳೆದು."

"ಹತ್ತಕ್ಕಿಂತ ಕಮ್ಮಿ ಬಂದ್ರೆ ನಾನು ಫೇಲ್ ಅಂತ ಲೆಕ್ಕ ಸಾರ್."

ಹತ್ತೇ ಕೊಟ್ಟೆ. ಕಿಟಕಿಯಿಂದ ಹಿಂದೆ ನೋಡಿದರೆ ಬಾಮೈದ ಎರಡು ಕೈಯಲ್ಲೂ ಒಂದೊಂದು ಕಲ್ಲು ಹಿಡಿದು, ಯಾವುದು ದೊಡ್ಡದು ಎಂದು ತೂಗಿ ನೋಡುತ್ತಿದ್ದ.