ಹಾಲಿನ ಪ್ಯಾಕೆಟ್ಟಿದ್ದೂ ಟಿಶ್ಯೂ ಪೇಪರ್ ಹುಡುಕಿದವರಿಗೆ

ಇಂದು ಸಂಜೆ ಒಂಬತ್ತು ವರ್ಷದ ಹುಡುಗನೊಬ್ಬನ ಮೇಲಿನ ಮುಂದಿನ ಹಲ್ಲು ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂತು. ಹುಡುಗ ಅದರ ಹಿಂದೆ ಬಂದ. ಮೈದಾನದಲ್ಲಿ ಬಿದ್ದು ಎರಡು ಗಂಟೆ ಕಳೆದಿತ್ತು. ಅಷ್ಟರಲ್ಲಿ ಶಾಲೆಯವರು ಅಪ್ಪನಿಗೆ ಫೋನ್ ಮಾಡಿದ್ದರು, ಹಲ್ಲಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು, ಮಣ್ಣಾಗಿದೆಯೆಂದು ಸೋಪು ಹಾಕಿ ಬೇರನ್ನು ಬೆಳ್ಳಗಾಗುವವರೆಗೆ ಉಜ್ಜಿಯೂ ಇದ್ದರು. ಟೀಚರುಗಳ ಚಹಾಕ್ಕೆಂದು ತರಿಸಿಟ್ಟಿದ್ದ ನಂದಿನಿ ಪ್ಯಾಕೆಟ್ಟು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದನ್ನು ನಾನು ಹಿಂದೆಯೂ ಬರೆದು ನಿಮ್ಮ ತಲೆ ತಿಂದಿದ್ದೇನೆ, ಇನ್ನೊಮ್ಮೆ ಸಹಿಸಿಕೊಳ್ಳಿ. ಬೇರಿನ ಮೈಗೆ ಅಂಟಿಕೊಂಡಿರುವ ತೆಳುಪದರದ ಜೀವಕೋಶಗಳು ಬದುಕಿದ್ದರೆ ಮಾತ್ರ ಹಲ್ಲು ಮೊದಲಿನಂತೆ ಕೂಡಿಕೊಳ್ಳುತ್ತದೆ. ಒಣಗಲು ಬಿಟ್ಟರೆ ಅರ್ಧ ಗಂಟೆಯಲ್ಲಿ ಅವುಗಳಲ್ಲಿ ಬಹುಪಾಲು ಸಾಯುತ್ತವೆ, ಒಂದು ಗಂಟೆ ದಾಟಿದರೆ ಆಸೆಯೇ ಇಲ್ಲ. ಆದ್ದರಿಂದ ಬೇರನ್ನು ಮುಟ್ಟದೆ, ನಕ್ಕಾಗ ಕಾಣುವ ಭಾಗವನ್ನು ಹಿಡಿದೆತ್ತಿ, ಮಣ್ಣಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕ್ಷಣಕಾಲ ಜಾಲಿಸಿ, ಹಲ್ಲನ್ನು ಅದು ಕಳಚಿಬಂದ ಕುಳಿಯಲ್ಲೇ ಮರಳಿ ಕೂರಿಸಿ, ಕರ್ಚೀಫು ಕಚ್ಚಿಸಿ, ಮಗುವನ್ನು ತಕ್ಷಣ ಕರೆತರಬೇಕು.

ಮಗು ನುಂಗಿಬಿಟ್ಟರೆ, ಹಿಂದುಮುಂದಾಗಿ ಕೂರಿಸಿದರೆ ಯಾರು ಹೊಣೆ ಎಂದು ಶಿಕ್ಷಕರು ಕೇಳುತ್ತಾರೆ. ಒಪ್ಪಿದೆ, ಕೂರಿಸಬೇಡಿ, ಲೋಟಕ್ಕೆ ತಣ್ಣಗಿನ ಹಾಲು ಸುರಿದು ಅದರೊಳಗೆ ಹಾಕಿ. ಅದಕ್ಕೆ ಬಿ.ಎಡ್. ಕೂಡ ಬೇಕಿಲ್ಲ! ನೀರಿನಲ್ಲಿ ಇಟ್ಟು ತರಬೇಡಿ, ಕೋಶಗಳು ಉಬ್ಬಿ ಒಡೆಯುತ್ತವೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಈ ವಯಸ್ಸಿನಲ್ಲಿ ಬೇರಿನ ತುದಿ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಬೇಗ ಕೂರಿಸಿದ್ದರೆ ಒಳಗೆ ರಕ್ತನಾಳಗಳು ಮತ್ತೆ ಬೆಳೆಯುವ ಸಾಧ್ಯತೆಯಿತ್ತು. ಇಂದು ನಾನು ಕೂರಿಸಿದ್ದು ಸತ್ತ ಬೇರನ್ನು. ಎರಡು ವಾರ ತೆಳು ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಕಟ್ಟಿರುತ್ತೇನೆ, ಟೆಟನಸ್ ಚುಚ್ಚುಮದ್ದು ಯಾವಾಗ ಆಗಿದೆಯೆಂದು ವಿಚಾರಿಸಿಕೊಂಡಿದ್ದೇನೆ. ಆದರೂ ಇಂಥ ಹಲ್ಲು ಬಹುತೇಕ ಮೂಳೆಗೇ ಬೆಸೆದುಕೊಂಡು, ದವಡೆ ಬೆಳೆದಂತೆಲ್ಲ ಪಕ್ಕದ ಹಲ್ಲಿಗಿಂತ ಗಿಡ್ಡವಾಗಿ ಉಳಿಯುತ್ತದೆ, ಬೇರು ಮೆಲ್ಲಗೆ ಕರಗುತ್ತದೆ. "ಇಂಪ್ಲಾಂಟ್ ಹಾಕಿಬಿಡಿ ಡಾಕ್ಟ್ರೇ, ಖರ್ಚಿನ ಚಿಂತೆಯಿಲ್ಲ" ಎಂದರು ಅಪ್ಪ. ದವಡೆಯ ಬೆಳವಣಿಗೆ ಮುಗಿಯುವವರೆಗೆ ಮೂಳೆಯೊಳಗೆ ನೆಡುವ ಆ ಕೃತಕ ಹಲ್ಲನ್ನು ಹಾಕುವಂತಿಲ್ಲ ಸ್ವಾಮಿ.

ಜೊತೆಗೆ ಬಂದಿದ್ದ ಅಜ್ಜಿಯದು ಬೇರೆಯೇ ಸಲಹೆ: "ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದರಾಯಿತು ಡಾಕ್ಟ್ರಮ್ಮಾ, ಮತ್ತೆ ಬರುತ್ತದೆ." ಹಾಲುಹಲ್ಲಾಗಿದ್ದರೆ ನಾನೂ ಅವರ ಪಕ್ಷವೇ, ಅದನ್ನು ಮರಳಿ ಕೂರಿಸಲು ಹೋದರೆ ಒಳಗಿರುವ ಹೊಸ ಹಲ್ಲಿನ ಮೊಳಕೆಗೆ ಪೆಟ್ಟು ಬೀಳಬಹುದು. ಏಳೆಂಟರ ವಯಸ್ಸಿನಲ್ಲಿ ಹುಟ್ಟಿದ ಈ ಅಗಲ ಹಲ್ಲಿನ ಹಿಂದೆ ಮಾತ್ರ ಇನ್ನೊಂದು ಕಾದು ಕುಳಿತಿಲ್ಲ.