ದೂರದ ಗುಡ್ಡ ಕಂಡರೆ ಭೂಮಿ ಚಪ್ಪಟೆಯೇ?

ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ 50 ಕಿ.ಮೀ. ದೂರದ ಗುಡ್ಡ ಕಾಣುತ್ತದೆ, ಗೋಳದ ಲೆಕ್ಕದಲ್ಲಿ 196 ಮೀಟರ್ ಮರೆಯಾಗಬೇಕಿತ್ತು, ಆದ್ದರಿಂದ ಭೂಮಿ ಚಪ್ಪಟೆ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ.

ಗುಣಾಕಾರ ಸರಿಯಾಗಿಯೇ ಇದೆ. ಕಿ.ಮೀ. ದೂರದ ವರ್ಗವನ್ನು 0.0785ರಿಂದ ಗುಣಿಸಿದರೆ ವಕ್ರತೆಯ ಇಳಿತ ಮೀಟರ್‌ಗಳಲ್ಲಿ ಸಿಗುತ್ತದೆ. ಆದರೆ ಅದು ಕಣ್ಣನ್ನು ನೆಲಕ್ಕೆ ಅಂಟಿಸಿ ನೋಡುವವರ ಲೆಕ್ಕ! ಬೆಟ್ಟ ಹತ್ತಿದವರಿಗೆ ಅದು ಹೊಂದುವುದಿಲ್ಲ.

ಇನ್ನೊಂದು ಸಂಗತಿಯೂ ಬಿಟ್ಟುಹೋಗಿದೆ. ನೆಲದ ಬಳಿಯ ಗಾಳಿ ಸಾಂದ್ರ, ಮೇಲೇರಿದಂತೆ ವಿರಳ. ಹೀಗಾಗಿ ಬೆಳಕು ಭೂಮಿಯತ್ತ ತುಸು ಬಾಗುತ್ತದೆ. ಈ ವಕ್ರೀಭವನ ಇಳಿತದ ಸುಮಾರು ಏಳನೇ ಒಂದು ಭಾಗವನ್ನು ತಗ್ಗಿಸುವುದರಿಂದ ಸರ್ವೇಯವರು 0.0673 ಬಳಸುತ್ತಾರೆ.

ನಿಂತ ಜಾಗ ಬಯಲಿಗಿಂತ 30 ಮೀಟರ್ ಎತ್ತರ ಎಂದುಕೊಳ್ಳಿ. ದಿಗಂತ ಸುಮಾರು 21 ಕಿ.ಮೀ. ದೂರ ಸರಿಯುತ್ತದೆ. ಉಳಿದ 29 ಕಿ.ಮೀ.ಗೆ ಮರೆಯಾಗುವುದು ಸುಮಾರು 57 ಮೀಟರ್ ಮಾತ್ರ. ಗುಡ್ಡ ಇನ್ನೂರು ಮೀಟರ್ ಎತ್ತರವಿದ್ದರೆ ತಲೆ, ಹೆಗಲು ಎರಡೂ ಕಾಣುತ್ತವೆ; ಬುಡ ಮಾತ್ರ ಕಾಣದು. ಫೋಟೊ ಕಳಿಸುವವರು ಆ ಬುಡವನ್ನೇಕೆ ಹುಡುಕುವುದಿಲ್ಲವೋ!

ಗದಗ ಕಡೆಯ ಎರೆನೆಲದಲ್ಲಿ ಬೇಸಿಗೆಯ ಮಧ್ಯಾಹ್ನ, ನೆಲದ ಏರಿಳಿತ ಅಳೆಯುವ ಲೆವೆಲ್ ಉಪಕರಣದಲ್ಲಿ ಇಣುಕಿದರೆ ಅಳತೆಗೋಲೇ ನಡುಗಿದಂತೆ ಕಾಣುತ್ತದೆ. ಕಾದ ನೆಲದ ಮೇಲೆ ಬಾಗುವಿಕೆ ತಿರುವುಮುರುವಾಗಲೂಬಹುದು. ಅದಕ್ಕೆಂದೇ ಸರ್ವೇಯವರು ಉಪಕರಣವನ್ನು ಎರಡು ಅಳತೆಗೋಲುಗಳ ನಡುಮಧ್ಯೆ ಇಡುತ್ತಾರೆ: ದೂರ ಸಮವಾದರೆ ವಕ್ರತೆಯ ದೋಷ ಪೂರ್ತಿ, ವಕ್ರೀಭವನದ ದೋಷ ಬಹುಪಾಲು ವಜಾ ಆಗುತ್ತದೆ.